ಮೂವತ್ತು-ನಲವತ್ತರ ಸೈಟಿನಲ್ಲಿ ಜಾಸ್ತಿ ಮಹಡಿ ಕಟ್ಟಲು ಬಿಡಬೇಕಾ?

ಪರ: ಬಿಡಲೇಬೇಕು

ಬೆಂಗಳೂರಿನ 30×40 ಸೈಟ್ ಅಂದರೆ 1200 ಚದರಡಿ. 2007ರಲ್ಲಿ ಬಂದ ಮಾಸ್ಟರ್ ಪ್ಲ್ಯಾನ್ ಇಂಥ ಸೈಟಿಗೆ ಕೊಟ್ಟಿದ್ದು 1.75 ಎಫ್‌ಎಆರ್. ಅಂದರೆ ಎಲ್ಲ ಮಹಡಿ ಸೇರಿಸಿ ಸೈಟಿನ ಅಳತೆಯ 1.75 ಪಟ್ಟು ಕಟ್ಟಬಹುದು. ಲೆಕ್ಕ ಹಾಕಿದರೆ ಒಟ್ಟು 2100 ಚದರಡಿ. ಓನರ್ ಕೆಳಗಿದ್ದರೆ ಮೇಲೆ ಬಾಡಿಗೆಗೆ ಒಂದೋ ಎರಡೋ ಮನೆ, ಅಷ್ಟೇ. ಆ ಪ್ಲ್ಯಾನ್ ಮಾಡಿದ್ದು 2015ರವರೆಗೆ ಅಂತ. 2031ರವರೆಗಿನ ಹೊಸ ಪ್ಲ್ಯಾನಿನ ಕರಡನ್ನು ಸರ್ಕಾರವೇ ವಾಪಸ್ ತಗೊಂಡಿತು.

ನಮ್ಮ ಬೀದಿಗೆ ಮನೆಗೆಲಸಕ್ಕೆ ಬರುವ ಅಮ್ಮ ಮೊದಲು ಹಿಂದಿನ ರಸ್ತೆಯ ವಠಾರದಲ್ಲಿದ್ದರು. ಆರು ಮನೆ, ನಡುವೆ ಒಂದೇ ನಲ್ಲಿ, ಅದರ ಮುಂದೆ ಬೆಳಗ್ಗೆ ಐದಕ್ಕೇ ಬಿಂದಿಗೆಗಳ ಸಾಲು. ಓನರ್ ಅದನ್ನು ಕೆಡವಿ, ನಿಯಮ ಒಂದಿಷ್ಟೂ ಮೀರದೆ, ಎರಡಂತಸ್ತಿನ ಚೆಂದದ ಮನೆ ಕಟ್ಟಿಸಿದರು. ಆರು ಸಂಸಾರ ಇದ್ದ ಜಾಗದಲ್ಲಿ ಈಗ ನಾಲ್ಕೇ ಜನ. ಆ ಅಮ್ಮ ಎರಡು ಬಸ್ ಹತ್ತಿ ಬರುತ್ತಾರೆ, ಇಲ್ಲೇ ಹತ್ತಿರ ಮನೆ ಹಿಡಿಯೋಣ ಅಂದರೆ ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ತರಬೇಕು ಹೇಳಿ. ಐದು ಮಹಡಿಗೆ ಅನುಮತಿ ಇದ್ದಿದ್ದರೆ ಅಲ್ಲೇ ಒಂದು ಸಣ್ಣ ಮನೆ ಸಿಗುತ್ತಿತ್ತೇನೋ.

ನಿಯಮ ಮೀರಿ ಕಟ್ಟುವವರು ಹೇಗೂ ಕಟ್ಟುತ್ತಾರೆ. ಆದರೆ ಅಲ್ಲಿ ಓಸಿ, ಅಂದರೆ ವಾಸಕ್ಕೆ ಯೋಗ್ಯ ಅಂತ ಕೊಡುವ ಪ್ರಮಾಣಪತ್ರ, ಇರಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಕಟ್ಟಡಕ್ಕೆ ನೀರು, ಕರೆಂಟ್ ಕೊಡಬೇಡಿ ಅಂದಿತು. ಕೊನೆಗೆ ಒದ್ದಾಡುವುದು ಬಾಡಿಗೆಗೆ ಇರುವವರೇ ಅಲ್ವಾ?

ವಿರೋಧ: ಸುಮ್ನೆ ಮಹಡಿ ಕೊಟ್ಟರೆ ಆಗಲ್ಲ

ಇಪ್ಪತ್ತಡಿ ರಸ್ತೆ. ಎರಡೂ ಕಡೆ ಕಾರು ನಿಂತಿವೆ. ಬೆಂಕಿ ಬಿದ್ದರೆ ಫೈರ್ ಎಂಜಿನ್ ಎಲ್ಲಿಂದ ಬರುತ್ತದೆ? 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದಿದ್ದು ಇನ್ನೂ ಮರೆತಿಲ್ಲ. ಅದೇ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಜಾಸ್ತಿ ಮಹಡಿ ಏರಿಸುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಕೆಲಸ ಹುಡುಕಿಕೊಂಡು ದೂರದೂರಿಂದ ಬಂದ ಬಡವರು.

ಬಾಡಿಗೆ ಇಳಿಯುತ್ತದೆ ಅನ್ನುವುದನ್ನೂ ನಾನು ನಂಬಲ್ಲ. ಇವತ್ತು ಐದು ಮಹಡಿಗೆ ಅನುಮತಿ ಕೊಟ್ಟರೆ ನಾಳೆ ಸೈಟಿನ ರೇಟೇ ಏರುತ್ತದೆ, ಕೊಂಡವರು ಆ ದುಡ್ಡನ್ನು ಬಾಡಿಗೆಯಲ್ಲೇ ವಸೂಲಿ ಮಾಡುತ್ತಾರೆ. ಇನ್ನು ‘ವೆಜ್ ಫ್ಯಾಮಿಲಿಗೆ ಮಾತ್ರ’ ಅಂತ ಗೇಟಿಗೆ ತೂಗು ಹಾಕುವ ಬೋರ್ಡ್ ಇದೆಯಲ್ಲ, ಅದನ್ನು ಯಾವ ಎಫ್‌ಎಆರ್ ಇಳಿಸುತ್ತದೆ?

ವಠಾರದವರು ಊರೊಳಗೇ ಉಳಿಯಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಹಾಗಿದ್ದರೆ ಮೊದಲು ಒಳಚರಂಡಿ, ನೀರಿನ ಪೈಪ್ ದೊಡ್ಡದು ಮಾಡಿ. ಹೆಚ್ಚಿನ ಮಹಡಿ ಕೊಡುವಾಗಲೇ ಅದರಲ್ಲೊಂದು ಮನೆ ಕಡಿಮೆ ಬಾಡಿಗೆಗೆ ಅಂತ ಓನರ್ ಕೈಲಿ ಬರೆಸಿಕೊಳ್ಳಿ. ಆಮೇಲೆ ಬೇಕಾದರೆ ಕೇಳಿ, ನಾನೂ ಸಹಿ ಹಾಕುತ್ತೇನೆ.