ಬಿಪಿ ಮಷಿನ್ ರೂಪಿಸುವಾಗ ಅಜ್ಜ-ಅಜ್ಜಿಯರನ್ನು ಕೇಳಬೇಕೇ?

ಪರ

ಕೇಳಲೇಬೇಕು, ಅದೂ ಪ್ಲಾಸ್ಟಿಕ್ ಕವಚದ ಅಚ್ಚು ಮಾಡಿಸುವ ಮೊದಲೇ. ಆಮೇಲೆ ಒಂದು ಗುಂಡಿಯ ಜಾಗ ಬದಲಿಸಬೇಕೆಂದರೂ ಅಚ್ಚಿಗೇ ಕೈ ಹಾಕಬೇಕಾಗುತ್ತದೆ.

ತೋಳಿಗೆ ಸುತ್ತುವ ಪಟ್ಟಿಯನ್ನೇ ನೋಡಿ. ಒಬ್ಬರೇ ಇರುವ ಮನೆಯಲ್ಲಿ ಅದನ್ನು ಒಂಟಿ ಕೈಯಿಂದ ಸುತ್ತಿಕೊಳ್ಳಬೇಕು. ಬೆರಳ ಕೀಲು ಬಾತವರಿಗೆ ಲೋಹದ ಬಳೆಯೊಳಗೆ ತುದಿ ತೂರಿಸಿ ಎಳೆಯಲು ಆಗುವುದಿಲ್ಲ. ಪಟ್ಟಿ ಸಡಿಲ ಉಳಿಯುತ್ತದೆ, ಅಂಕಿ ಏರುತ್ತದೆ. ತುದಿಗೆ ಹೆಬ್ಬೆರಳು ಹೋಗುವಷ್ಟು ಕುಣಿಕೆ ಹೊಲಿದರೆ ಮುಗಿಯಿತು. ಖಣದ ಕುಬಸದ ಬಿಗಿ ತೋಳನ್ನು ಮೇಲಕ್ಕೆ ಸರಿಸಿದರೆ ಅದೇ ಕಟ್ಟಿನಂತೆ ರಕ್ತ ತಡೆಯುತ್ತದೆ. ಇಂಥವು ಕಂಪ್ಯೂಟರಿನ ಚಿತ್ರದಲ್ಲಿ ಕಾಣುತ್ತವೆಯೇ?

ಶಬ್ದದ ಮಾತೂ ಅಷ್ಟೇ. ವಯಸ್ಸಾದಂತೆ ಮೊದಲು ಮಂದವಾಗುವುದು ಎತ್ತರದ ಸ್ವರ. 4,000 ಹರ್ಟ್ಸ್‌ನ ಬೀಪ್ ಅನೇಕರ ಕಿವಿಗೇ ಬೀಳುವುದಿಲ್ಲ. 1,000ದ ಆಸುಪಾಸಿಗೆ ಇಳಿಸಬೇಕು. ಒಣಗಿದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸದು, 'ಟಕ್' ಎನ್ನುವ ಗುಂಡಿಯೇ ವಾಸಿ.

ವಿರೋಧ

ಕೇಳಿದರೆ ಏನು ಸಿಗುತ್ತದೆ ಎನ್ನುವುದೇ ತಕರಾರು. ಹುಬ್ಬಳ್ಳಿಯಲ್ಲಿ ಹತ್ತು ಜನರನ್ನು ಕೂಡಿಸಿ, ಚಹಾ ಕೊಟ್ಟು, "ಮಷಿನ್ ಹೆಂಗೈತ್ರಿ ಅಜ್ಜಾರ?" ಎಂದರೆ "ಛಲೋ ಐತ್ರಿ" ಅನ್ನುತ್ತಾರೆ. ಚಹಾ ಕುಡಿದ ಮೇಲೆ ಬೇರೇನು ಅಂದಾರು! ಬರುವವರಾದರೂ ಯಾರು? ಧಾರವಾಡದ ಪಿಂಚಣಿದಾರರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮುದುಕಿ ಕೂಲಿ ಬಿಟ್ಟು ಬರುವುದಿಲ್ಲ.

ದೊಡ್ಡ ತೊಡಕು ಬೇರೆ ಇದೆ: ಸಲೀಸಾದದ್ದೆಲ್ಲ ಸರಿಯಾದದ್ದಲ್ಲ. ತೋಳು ಬಿಚ್ಚುವ ಗೋಜಿಲ್ಲದ ಮಣಿಕಟ್ಟಿನ ಮಷಿನ್ ಯಾರಿಗೆ ಬೇಡ? ಆದರೆ ಮಣಿಕಟ್ಟು ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೂ 7–8 ಅಂಕಿ ಹೆಚ್ಚು ಬರುತ್ತದೆ. ಮನೆಯಲ್ಲಿ ನೋಡಿಕೊಳ್ಳುವ ಬಿಪಿಗೆ ಗಡಿ 135/85. 129 ಇದ್ದವರು 136 ಆಗಿ, ಬೇಡದ ಗುಳಿಗೆ ಶುರುವಾದೀತು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ ಎಂಬ ಸೂಚನೆಯೂ, ಶುಗರ್ ಮಷಿನ್ನಿನ "ಕೈ ತೊಳೆಯಿರಿ" ಎಂಬುದೂ ಕಿರಿಕಿರಿಯೇ. ಪೇಢೆ ಮುಟ್ಟಿದ ಬೆರಳನ್ನು ಹಾಗೇ ಚುಚ್ಚಿದರೆ ಸ್ಟ್ರಿಪ್ ಪೇಢೆಯ ಸಕ್ಕರೆಯನ್ನೂ ಸೇರಿಸಿ ಹೇಳುತ್ತದೆ.

ಹಣ ಮೊದಲು ಹೋಗಬೇಕಾದದ್ದು ನಿಖರತೆಯ ಪರೀಕ್ಷೆಗೆ. ಬಿಪಿ ಮಷಿನ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 81060-2 ಸಾಮಾನ್ಯ ಪರೀಕ್ಷೆಗೆ ಕನಿಷ್ಠ 85 ಜನರನ್ನು ಕೇಳುತ್ತದೆ, ಮಷಿನ್ ತೋರಿಸಿದ್ದಕ್ಕೂ ಸರಿಯಾದ ಅಳತೆಗೂ ಸರಾಸರಿ ವ್ಯತ್ಯಾಸ 5 ಅಂಕಿ ಮೀರುವಂತಿಲ್ಲ. ಆಮೇಲೆ ಪಟ್ಟಿಯ ಅಳತೆ. ಹಲವು ಡಬ್ಬಿಗಳಲ್ಲಿ ಬರುವುದು 22–32 ಸೆಂ.ಮೀ.ನದು ಒಂದೇ. ಬಡಕಲು ಮುದುಕನ 20 ಸೆಂ.ಮೀ. ತೋಳಿಗೆ ಅದನ್ನು ಸುತ್ತಿದರೆ ಇದ್ದದ್ದಕ್ಕಿಂತ ಕಡಿಮೆ ಬಿಪಿ ತೋರಿಸುತ್ತದೆ. ಟೇಪು ಹಿಡಿದು ಗದಗಿನ ಸಂತೆಯಲ್ಲಿ ನೂರು ತೋಳು ಅಳೆದು, ಸಣ್ಣ ಪಟ್ಟಿಯನ್ನೂ ಡಬ್ಬಿಯೊಳಗೇ ಇಟ್ಟು ಮಾರಲಿ.