ಸಂಜೆ ನಾಲ್ಕರ ಮೇಲೆ ಏನು ಮಾಡೋದು?

ಸ್ಕೀ ಮಾಡಲು ಯಾವ ಊರು ಒಳ್ಳೆಯದು ಎಂದು ಮ್ಯೂನಿಕ್‌ನ ನನ್ನ ಆಫೀಸಿನಲ್ಲಿ ಕೇಳಿದರೆ ಮೊದಲು ಬರುವುದು ಪಿಸ್ಟೆಯ ಲೆಕ್ಕ. ಅಂದರೆ ಜಾರುವ ದಾರಿ ಒಟ್ಟು ಎಷ್ಟು ಕಿಲೋಮೀಟರ್ ಎಂದು. ಆಮೇಲೆ ಊರಿನ ಎತ್ತರ, ಹಿಮದ ದಪ್ಪ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನ ಮುಂದಿನ ಸಾಲು. ಅದೇ ಮಾತು ಇಲ್ಲಿನ ಕನ್ನಡದ ಮನೆಗಳಲ್ಲಿ ಬಂದರೆ ಪ್ರಶ್ನೆಯೇ ಬೇರೆ. "ಯಾರ್ಯಾರು ಬರ್ತಿದ್ದಾರೆ? ಉಳಿಯೋ ಕಡೆ ಅಡುಗೆಮನೆ ಇದೆಯಾ?"

ಮೊದಮೊದಲು ನಾನು ಆಫೀಸಿನವರ ಲೆಕ್ಕವನ್ನೇ ನಂಬಿದ್ದೆ. ಈಗ ನಮ್ಮವರ ಪ್ರಶ್ನೆಯೇ ಸರಿ ಅನಿಸುತ್ತದೆ. ಯಾಕೆಂದು ಹೇಳುತ್ತೇನೆ.

ಆಸ್ಟ್ರಿಯಾದ ಟಿರೋಲ್‌ನಲ್ಲಿ ಪಾಟ್ಸ್‌ನೌನ್ ಎಂಬ ಕಣಿವೆ ಇದೆ. ಲಾಂಡೆಕ್ ಪಟ್ಟಣ ದಾಟಿದ ಮೇಲೆ ಟ್ರಿಸಾನ್ನಾ ಹೊಳೆಯ ಜೊತೆಗೇ ರಸ್ತೆ ಮೇಲೇರುತ್ತದೆ. ದಾರಿಯಲ್ಲಿ ಮೊದಲು ಸೀ, ಆಮೇಲೆ ಕಾಪ್ಲ್, ಆಮೇಲೆ ಇಶ್ಗ್ಲ್, ಕೊನೆಗೆ ಗಾಲ್ಟೂರ್. ಇಶ್ಗ್ಲ್ 1377 ಮೀಟರ್ ಎತ್ತರದಲ್ಲಿದೆ, ಗಾಲ್ಟೂರ್ 1584ರಲ್ಲಿ. ನಡುವೆ ಸುಮಾರು 10 ಕಿಲೋಮೀಟರ್, ಅಷ್ಟೇ. ಆದರೆ ಎರಡೂ ಊರಿನ ರೀತಿ ಬೇರೆ ಬೇರೆ. ಗಾಲ್ಟೂರ್‌ನಿಂದ ಮುಂದೆ ಘಟ್ಟ ಹತ್ತಿ ಆಚೆ ಇಳಿಯುವ ಸಿಲ್ವ್ರೆಟ್ಟಾ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹಾಗಾಗಿ ಆ ಊರನ್ನು ಹಾದು ಯಾರೂ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಗೆ ಬರುವವರು ಅಲ್ಲಿಗೇ ಅಂತ ಬಂದವರು.

ಇಶ್ಗ್ಲ್ ಹೆಸರುವಾಸಿ ಊರು. ಊರೊಳಗಿಂದಲೇ ಮೂರು ದೊಡ್ಡ ಗೊಂಡೋಲಾಗಳು, ಅಂದರೆ ಕೇಬಲ್ ಕಾರುಗಳು, ಬೆಟ್ಟಕ್ಕೆ ಏರುತ್ತವೆ. ಇನ್ನೂರು ಕಿಲೋಮೀಟರ್‌ಗೂ ಜಾಸ್ತಿ ಪಿಸ್ಟೆ ಇದೆ. ಬೆಳಿಗ್ಗೆ ಆಸ್ಟ್ರಿಯಾದಲ್ಲಿ ಸ್ಕೀ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಊಟಕ್ಕೆ ಬೆಟ್ಟದಾಚೆ ಸ್ವಿಟ್ಜರ್‌ಲೆಂಡಿನ ಸಾಮ್‌ನೌನ್‌ನಲ್ಲಿ ಇರಬಹುದು. ಅದು ಸುಂಕವಿಲ್ಲದ ಊರು. ಅಲ್ಲಿಯವರು ಸ್ವಿಸ್ ಪ್ರಜೆಗಳಾದರೂ ಆಡುವುದು ಟಿರೋಲ್ ಕಡೆಯ ಜರ್ಮನ್. ಗಡಿಯ ಒಂದು ಕಡೆ ಬದುಕಿ ಇನ್ನೊಂದು ಕಡೆಯ ಮಾತಾಡುವವರನ್ನು ಕಂಡರೆ ನನಗೆ ಕಾಸರಗೋಡು ನೆನಪಾಗುತ್ತದೆ.

ಇನ್ನು ಸಂಜೆ. 1995ರಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಎಲ್ಟನ್ ಜಾನ್ ಬಂದು ಹಾಡಿದ ಮೇಲೆ ಸೀಸನ್‌ನ ದೊಡ್ಡ ಸಂಗೀತ ಕಛೇರಿಗಳು ಈ ಊರಿನ ಗುರುತೇ ಆಗಿವೆ. ಆದರೆ ಗದ್ದಲಕ್ಕೆ ಅಂಥ ಕಛೇರಿಯೇ ಬೇಕು ಅಂತಿಲ್ಲ. ಮಧ್ಯಾಹ್ನ ಮೂರು ದಾಟಿತು ಅಂದರೆ ಆಪ್ರೆ ಸ್ಕೀ ಶುರು, ಅಂದರೆ ಸ್ಕೀ ಮುಗಿಸಿ ಬಂದವರ ಕುಡಿತ, ಕುಣಿತ. ಸ್ಕೀ ಬೂಟಿನಲ್ಲೇ ಬೆಂಚು ಹತ್ತಿ ಕುಣಿಯುತ್ತಾರೆ. ರಾತ್ರಿ ಎಂಟರ ಮೇಲೆ ಊರೊಳಗೆ ಸ್ಕೀ ಬೂಟು ಹಾಕಿ ಓಡಾಡಬಾರದು ಎಂದು ನಿಯಮವನ್ನೇ ಮಾಡಬೇಕಾಯಿತು.

ಆ ಗದ್ದಲವನ್ನು ನಾನು ಹೀಗಳೆಯುವುದಿಲ್ಲ. ಮದುವೆಗೆ ಮುಂಚೆ ಗೆಳೆಯರ ಜೊತೆ ಹೋಗಿದ್ದೆ. ಗುರುತೇ ಇಲ್ಲದವರ ಹೆಗಲ ಮೇಲೆ ಕೈ ಹಾಕಿ, ಅರ್ಧ ಗೊತ್ತಿರುವ ಹಾಡನ್ನು ಗಟ್ಟಿಯಾಗಿ ಹಾಡಿದ್ದೆವು. ಪರದೇಶಕ್ಕೆ ಬಂದ ಹೊಸತರಲ್ಲಿ ಆ ಸಂಜೆ ನನಗೆ ನಿಜವಾಗಿ ಬೇಕಾಗಿತ್ತು.

ಆರು ವರ್ಷದ ಹಿಂದೆ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಫೆಬ್ರವರಿಯ ಫಾಶಿಂಗ್ (ಇಲ್ಲಿನ ಕಾರ್ನಿವಲ್ ಹಬ್ಬ) ರಜೆ, ಮಗಳಿಗೆ ಐದು ವರ್ಷ. ನಾನು ಹಳೆಯ ನೆನಪಿನಲ್ಲಿ ಇಶ್ಗ್ಲ್‌ನಲ್ಲೇ ಮನೆ ಹಿಡಿದೆ. ಕಿಟಕಿಯ ಕೆಳಗೆ ರಾತ್ರಿ ಎರಡರವರೆಗೆ ಹಾಡು, ಕೂಗು. ಮನೆಯ ಮಾಲೀಕರಿಗೆ ಹೇಳಿದರೆ "ಇಲ್ಲಿ ಹೀಗೇ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇನ್ನೊಂದು ತೊಂದರೆ ನಾನು ಯೋಚಿಸಿಯೇ ಇರಲಿಲ್ಲ. ಅಲ್ಲಿ ಹೊಸಬರು ಕಲಿಯುವ ಜಾಗ ಇರುವುದು ಊರಲ್ಲಲ್ಲ, 2320 ಮೀಟರ್ ಎತ್ತರದ ಇಡಾಲ್ಪ್‌ನಲ್ಲಿ. ಮೊಮ್ಮಗಳು ಜಾರುವುದನ್ನು ನೋಡಬೇಕು ಅಂದರೆ ಅಜ್ಜ ಅಜ್ಜಿಯೂ ಟಿಕೆಟ್ ತೆಗೆದುಕೊಂಡು ಗೊಂಡೋಲಾ ಹತ್ತಬೇಕು. ಅಮ್ಮನಿಗೆ ಮೊದಲ ದಿನವೇ ತಲೆ ಸುತ್ತಿತು. ಎರಡನೇ ದಿನ ಸಂಜೆ ಅಪ್ಪ ಮೆಲ್ಲಗೆ ಕೇಳಿದರು, "ಪುಟ್ಟಾ, ಇಲ್ಲಿ ನಾವು ಏನು ಮಾಡೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಊರಿನ ಜಾತ್ರೆಯಲ್ಲೂ ಗದ್ದಲ ಇರುತ್ತದೆ, ಅಲ್ವಾ? ತಮಟೆ, ಪೀಪಿ, ಮೈಕು, ನೂಕುನುಗ್ಗಲು. ಆದರೆ ಅಲ್ಲಿ ಎಲ್ಲರಿಗೂ ಒಂದು ಜಾಗ ಇದೆ. ತೇರು ಎಳೆಯಲು ಆಗದವರು ದವನ ಸಿಕ್ಕಿಸಿದ ಬಾಳೆಹಣ್ಣು ಎಸೆಯುತ್ತಾರೆ. ಅದೂ ಆಗದ ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಾಳೆ. ತೇರು ಅವಳ ಮುಂದೆಯೇ ಹೋಗುತ್ತದೆ. ಇಶ್ಗ್ಲ್‌ನ ಸಂಜೆಯಲ್ಲಿ ಆ ಜಗಲಿ ಇಲ್ಲ. ಕುಡಿಯುವವರಿಗೆ, ಕುಣಿಯುವವರಿಗೆ ಜಾಗ ಇದೆ. ಸುಮ್ನೆ ಕೂತು ನೋಡುವವರಿಗೆ ಇಲ್ಲ. ನನ್ನ ತಕರಾರು ಸದ್ದಿನ ಮೇಲೆ ಅಲ್ಲ, ಇದರ ಮೇಲೆ.

ಮೂರನೇ ದಿನ ಸ್ಕೀ ಬಸ್ ಹತ್ತಿ ಗಾಲ್ಟೂರ್‌ಗೆ ಹೋದೆವು. ಕಣಿವೆಯ ನಾಲ್ಕೂ ಊರುಗಳಿಗೆ ಒಟ್ಟಾಗಿ ನಡೆಯುವ ಸ್ಕೀ ಪಾಸ್ ಇದೆ. ಇಪ್ಪತ್ತು ನಿಮಿಷದಲ್ಲಿ ಬಸ್ಸು ಒಂದು ಚರ್ಚು, ಒಂದಷ್ಟು ಮನೆಗಳ ಮುಂದೆ ನಿಂತಿತು. ಇಳಿದ ತಕ್ಷಣ ಅಮ್ಮ ಮೂಗು ಅರಳಿಸಿ, "ಕೊಟ್ಟಿಗೆ ವಾಸನೆ!" ಎಂದರು. ನಿಜವಾಗಿಯೂ ಮೊಣಕಾಲುದ್ದ ಹಿಮದ ನಡುವೆ ಒಂದು ದನದ ಕೊಟ್ಟಿಗೆ ಇತ್ತು. ಸ್ಕೀ ಕಲಿಯುವ ಜಾಗ ಊರಾಚೆ ವಿರ್ಲ್ ಎಂಬಲ್ಲಿ, ಲಿಫ್ಟಿನ ಬುಡದಲ್ಲೇ. ಮಗಳು ಎರಡೂ ಕಾಲು ಒಳಗೆ ತಿರುಗಿಸಿ "ಪಿಜ್ಜಾ, ಪಿಜ್ಜಾ" ಎಂದು ಹೇಳಿಕೊಳ್ಳುತ್ತಾ ಇಳಿದಳು. ಸ್ಕೀಗಳನ್ನು ಪಿಜ್ಜಾ ತುಂಡಿನ ಆಕಾರಕ್ಕೆ ತಂದು ನಿಲ್ಲುವುದನ್ನು ಇಲ್ಲಿ ಮಕ್ಕಳಿಗೆ ಹಾಗೆಯೇ ಕಲಿಸುತ್ತಾರೆ. ಅಜ್ಜಿ ಹತ್ತು ಹೆಜ್ಜೆ ದೂರದ ಬೆಂಚಿನಿಂದ ಚಪ್ಪಾಳೆ ಹೊಡೆದರು. ಮರುವರ್ಷದಿಂದ ನಾವು ಉಳಿಯುವುದು ಗಾಲ್ಟೂರ್‌ನಲ್ಲೇ.

ಅಪ್ಪನಿಗೆ ಅಲ್ಲಿ ಸಿಕ್ಕಿದ್ದು ಆಲ್ಪಿನೇರಿಯಂ. ಅದು ವಸ್ತುಸಂಗ್ರಹಾಲಯವೂ ಹೌದು, ಊರಿನ ತಡೆಗೋಡೆಯೂ ಹೌದು. 1999ರ ಫೆಬ್ರವರಿ 23ರಂದು ಮೇಲಿನ ಬೆಟ್ಟದಿಂದ ಹಿಮ ಕುಸಿದು ಊರಿಗೇ ನುಗ್ಗಿತು. 31 ಜನ ಸತ್ತರು. ಮರುದಿನ ಪಕ್ಕದ ವಾಲ್ಟ್ಸೂರ್‌ನಲ್ಲಿ ಇನ್ನೂ ಏಳು ಜನ. ವಾರಗಟ್ಟಲೆ ಹಿಮ ಬಿದ್ದು ರಸ್ತೆ ಮುಚ್ಚಿಹೋಗಿತ್ತು. ಸಿಕ್ಕಿಬಿದ್ದ ಸಾವಿರಾರು ಜನರನ್ನು ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಿದರು. ಹಿಮ ಹೊಕ್ಕ ಮನೆಗಳಲ್ಲಿ ಹಲವು ಇದ್ದದ್ದು ಅಪಾಯವಿಲ್ಲ ಎಂದು ನಕ್ಷೆಯಲ್ಲಿ ಹಸಿರು ಬಳಿದ ಜಾಗದಲ್ಲಿ. ಆಮೇಲೆ ನಕ್ಷೆಗಳನ್ನೇ ಮತ್ತೆ ಬರೆದರು. ಬೆಟ್ಟದ ಕಡೆಗೆ ದೊಡ್ಡ ಗೋಡೆ ಕಟ್ಟಿದರು. ಆ ಗೋಡೆಗೇ ಒರಗಿಸಿ ಈ ಕಟ್ಟಡ ಎಬ್ಬಿಸಿದರು.

ಅಪ್ಪ ಅಲ್ಲಿ ಮೂರು ಗಂಟೆ ಕಳೆದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ನಮ್ಮ ಸೋದರತ್ತೆ ಮಡಿಕೇರಿ ಹತ್ತಿರದ ಮನೆ ಬಿಟ್ಟು ಮೈಸೂರಿಗೆ ಬಂದಿದ್ದರು. ಅಪ್ಪನ ತಲೆಯಲ್ಲಿ ಅದೇ ಓಡುತ್ತಿತ್ತು. ಹೊರಗೆ ಬಂದು ಗೋಡೆ ಮುಟ್ಟಿ, "ಇದನ್ನ ಕಟ್ಟಿ ಸುಮ್ನೆ ಬಿಟ್ಟಿಲ್ಲ ನೋಡು. ಒಳಗೆ ಇಡೀ ಊರಿನ ನೆನಪು ಇಟ್ಟಿದ್ದಾರೆ" ಎಂದರು. ಸ್ಕೀ ಮುಟ್ಟದ ಅವರು ಊರಿಗೆ ಹೋದ ಮೇಲೆ ಎಲ್ಲರಿಗೂ ಹೇಳಿದ್ದು ಆ ಗೋಡೆಯ ಕಥೆಯನ್ನೇ.

ಗಾಲ್ಟೂರ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ಪಿಸ್ಟೆ ಕಡಿಮೆ. ಚೆನ್ನಾಗಿ ಸ್ಕೀ ಬರುವವರಿಗೆ ಎರಡೇ ದಿನಕ್ಕೆ ಸಾಕು ಅನಿಸುತ್ತದೆ. ರಾತ್ರಿ ಎಂಟಕ್ಕೆ ಊರು ಮಲಗುತ್ತದೆ. ಇಪ್ಪತ್ತೈದರ ಹುಡುಗರು ಗುಂಪಾಗಿ ಬಂದರೆ ಅವರನ್ನು ನಾನೇ ಇಶ್ಗ್ಲ್‌ಗೆ ಕಳಿಸುತ್ತೇನೆ. ನಾನೂ ವಾರದಲ್ಲಿ ಒಂದು ದಿನ ಬೆಳಗಿನ ಬಸ್ ಹಿಡಿದು ಅಲ್ಲಿಗೆ ಹೋಗುತ್ತೇನೆ. ಸಾಮ್‌ನೌನ್‌ವರೆಗೆ ಜಾರಿ, ನಾಲ್ಕರೊಳಗೆ ವಾಪಸ್. ಆ ದಾರಿಗಳ ಸುಖ ಗಾಲ್ಟೂರ್‌ನಲ್ಲಿ ಸಿಗುವುದಿಲ್ಲ, ನಿಜ.

ಆದರೆ ಮನೆಮಂದಿ ಎಲ್ಲ ಹೊರಡುವುದಾದರೆ ಲಿಫ್ಟ್ ನಿಂತ ಮೇಲಿನ ಹೊತ್ತಿನ ಲೆಕ್ಕ ಹಾಕಿ. ಫೆಬ್ರವರಿಯಲ್ಲಿ ಬೇಗ ಕತ್ತಲಾಗುತ್ತದೆ. ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಆರು ಗಂಟೆ. ಸ್ಕೀ ಮಾಡಿದ್ದಕ್ಕಿಂತ ಜಾಸ್ತಿ ಹೊತ್ತು ಅದೇ. ನಮಗೆ ಆ ಹೊತ್ತು ಅಂದರೆ ಹೊಳೆಬದಿಯ ಹಾದಿಯಲ್ಲಿ ಒಂದು ಸುತ್ತು, ಆಮೇಲೆ ಬಿಸಿ ಸಾರು, ಮಗಳ ಜೊತೆ ಚೌಕಾಬಾರ. ಕುಕ್ಕರ್ ತಪ್ಪದೆ ಒಯ್ಯುತ್ತೇವೆ. ಆ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಎರಡು ದಿನಕ್ಕೆ ಆಗುವಷ್ಟು ಅಕ್ಕಿ ಬೇಳೆ ಹೆಚ್ಚಿಗೆ ಇಟ್ಟುಕೊಳ್ಳುತ್ತೇವೆ. ಹಿಮ ಜೋರಾದರೆ ಈಗಲೂ ರಸ್ತೆ ಮುಚ್ಚುತ್ತಾರೆ.

ಈ ಸಲ ಸ್ಟುಟ್‌ಗಾರ್ಟ್‌ನ ಗೆಳೆಯನ ಮನೆಯವರೂ ಬರುತ್ತಿದ್ದಾರೆ, ಅವರ ಅತ್ತೆ ಮಾವನ ಜೊತೆ. ಅವರ ಮಾವ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ನಮಗೆ ಕೂತು ನೋಡೋಕೆ ಜಾಗ ಇರತ್ತಾ?" ವಿರ್ಲ್‌ನ ಬೆಂಚಿನ ಫೋಟೋ ಕಳಿಸಿದ್ದೇನೆ.