ಕಡಮತ್‌ನಲ್ಲಿ ಸುಮ್ಮನಿರುವ ಕೆಲಸ

ಸುಮ್ಮನಿರುವುದು ಎಲ್ಲರಿಗೂ ಬರುವ ವಿದ್ಯೆ ಎಂದುಕೊಂಡವರು ರಜೆ ಹಾಕಿ ಒಂದು ದಿನ ಮನೆಯಲ್ಲೇ ಕೂತು ನೋಡಲಿ. ಹತ್ತು ಗಂಟೆಗೆ ಅಟ್ಟದ ಮೇಲಿನ ಹಳೇ ಡಬ್ಬಗಳು ನೆನಪಾಗುತ್ತವೆ. ಹನ್ನೊಂದಕ್ಕೆ ಸ್ಕೂಟರ್ ಇನ್ಶೂರೆನ್ಸು. ಹನ್ನೆರಡಕ್ಕೆ ಆಫೀಸಿನಿಂದ ‘ಸಾರ್, ಒಂದೇ ನಿಮಿಷ’ ಎಂಬ ಫೋನು. ದ್ವೀಪ ಬೇಕಾಗುವುದು ಇದಕ್ಕೇ. ಅಲ್ಲಿನ ಗಾಳಿಗೆ ಮನಸ್ಸನ್ನು ತಿದ್ದುವ ಶಕ್ತಿಯೇನೂ ಇಲ್ಲ. ಅಲ್ಲಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ, ಅಷ್ಟೇ. ಮೊದಲು ಕೈಕಾಲು ನಿಧಾನವಾಗುತ್ತವೆ, ಆಮೇಲೆ ಉಸಿರು. ಮನಸ್ಸು ಯಾವಾಗಲೂ ಲೇಟು.

ಲಕ್ಷದ್ವೀಪದ ಕಡಮತ್ ಈ ಕೆಲಸಕ್ಕೆ ಒಳ್ಳೆಯ ಜಾಗ. ಉದ್ದ 9 ಕಿಲೋಮೀಟರಿಗೆ ಕೊಂಚ ಹೆಚ್ಚು. ಅತಿ ಅಗಲದ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸು. ಪೂರ್ವಕ್ಕೆ ಹೊರಗಡಲು. ಪಶ್ಚಿಮಕ್ಕೆ ಲಗೂನು, ಅಂದರೆ ಹವಳದ ದಿಬ್ಬ ಅಡ್ಡ ನಿಂತು ಅಲೆ ತಡೆದಿರುವ ತಿಳಿಗಡಲು. ಇದು ನಮಗೆ ತೀರಾ ಪರದೇಶವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಈ ಐದೂ ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಮಾಡುವ ಅದೇ ದಿನ, ಕೇಂದ್ರಾಡಳಿತಕ್ಕೆ ಹೋದವು. ಕಾಸರಗೋಡಿನ ಬಗ್ಗೆ ಇವತ್ತಿಗೂ ಭಾಷಣ ಮಾಡುವವರಿದ್ದಾರೆ. ಕಡಮತ್ ಬಗ್ಗೆ ಒಬ್ಬರೂ ಉಸಿರೆತ್ತಿದ್ದಿಲ್ಲ. ವ್ಯಾಪಾರ ಮಾತ್ರ ಪೂರ್ತಿ ನಿಂತಿಲ್ಲ. ಮಂಗಳೂರಿನ ಹಳೇ ಬಂದರಿನಲ್ಲಿ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡ ಮಂಜಿಗಳು, ಅಂದರೆ ಮರದ ಸರಕು ದೋಣಿಗಳು, ಈಗಲೂ ದ್ವೀಪಗಳ ಕಡೆ ಹೊರಡುತ್ತವೆ. ಮಳೆಗಾಲದ ನಾಲ್ಕು ತಿಂಗಳು ಅವಕ್ಕೂ ವಿಶ್ರಾಂತಿ.

ಪ್ರವಾಸಿಯ ದಾರಿ ಹೆಚ್ಚಾಗಿ ಕೊಚ್ಚಿಯಿಂದ. ವಿಮಾನವಾದರೆ ಅಗತ್ತಿಯವರೆಗೆ, ಅಲ್ಲಿಂದ ದೋಣಿ. ನಿಧಾನವಾಗಬೇಕೆಂದು ಹೊರಟವರು ಹಡಗು ಹಿಡಿಯುವುದೇ ಸರಿ. ಪ್ರವೇಶದ ಅನುಮತಿ ಪತ್ರ ಕೈಗೆ ಬರುವ ಮೊದಲು ಟಿಕೆಟಿನ ಮಾತೆತ್ತಬಾರದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕಡಲು ಮಾತು ಕೇಳುತ್ತದೆ. ಹಡಗಿನಲ್ಲಿ ಆದಷ್ಟು ಕೆಳಗಿನ, ಆದಷ್ಟು ನಡುವಿನ ಹಾಸಿಗೆ ಸಿಕ್ಕರೆ ಅಲುಗಾಟ ಕಡಿಮೆ. ವಾಂತಿ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಿರಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಕಡಲಿಗೇ.

ಹಡಗು ಜೆಟ್ಟಿಗೆ ತಾಗದ ದಿನ ಹೊರಗಡಲಲ್ಲೇ ನಿಲ್ಲುತ್ತದೆ, ಜನ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ಅಲೆಯೊಡನೆ ಏರುತ್ತದೆ, ಕುಸಿಯುತ್ತದೆ. ಅದು ತುತ್ತತುದಿಗೆ ಬಂದು ಅರೆಗಳಿಗೆ ನಿಂತಾಗ ಕಾಲಿಡಬೇಕು. ಎಡವಟ್ಟಾಗುವುದು ಎಲ್ಲಿ ಅಂದರೆ, ಆ ಅರೆಗಳಿಗೆಯಲ್ಲಿ ‘ಇಡಲೋ ಬೇಡವೋ’ ಎಂದು ಯೋಚಿಸಿ, ದೋಣಿ ಇಳಿಯತೊಡಗಿದ ಮೇಲೆ ಕಾಲು ಚಾಚಿದಾಗ. ಬ್ಯಾಗನ್ನು ಮೊದಲೇ ಬೇರೆಯವರ ಕೈಗೆ ಕೊಟ್ಟು ಎರಡೂ ಕೈ ಖಾಲಿ ಇಟ್ಟುಕೊಂಡರೆ ಉಳಿದದ್ದನ್ನು ದೋಣಿಯವರು ರಟ್ಟೆ ಹಿಡಿದು ಮುಗಿಸುತ್ತಾರೆ. ಅವರ ಹಿಡಿತದಲ್ಲಿ ಮರ್ಯಾದೆ ಕಡಿಮೆ, ಭದ್ರತೆ ಹೆಚ್ಚು.

ದ್ವೀಪಕ್ಕೆ ನದಿಯಿಲ್ಲ, ಕೆರೆಯಿಲ್ಲ. ಮರಳಿಗೆ ಇಂಗಿದ ಮಳೆನೀರು ಒಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೇ ನಿಲ್ಲುತ್ತದೆ, ಕದಡದೆ ಬಿಟ್ಟ ಮಜ್ಜಿಗೆಯ ಮೇಲೆ ತಿಳಿನೀರು ನಿಂತಂತೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ನಲವತ್ತಡಿ ಇರಬೇಕು ಎಂಬುದು ಪುಸ್ತಕದ ಲೆಕ್ಕ. ಮರಳಿನಲ್ಲಿ ಎರಡೂ ಬೆರೆಯುವುದರಿಂದ ನಿಜದಲ್ಲಿ ಅಷ್ಟು ಸಿಗುವುದಿಲ್ಲ. ಬಾವಿಗಳು ಆಳವಿಲ್ಲ, ಸಮುದ್ರದ ಉಬ್ಬರ ಇಳಿತಕ್ಕೆ ಅವುಗಳ ನೀರೂ ಮೇಲೆ ಕೆಳಗೆ ಆಡುತ್ತದೆ. ಬಿಂದಿಗೆಯಲ್ಲಿ ಸೇದಿದರೆ ತಾಳಿಕೊಳ್ಳುತ್ತದೆ. ಪಂಪು ಹಾಕಿ ಒಂದೇ ಸಮ ಎಳೆದರೆ ಅಡಿಯ ಉಪ್ಪು ಮೇಲೆದ್ದು ಬಂದು ಚಹಾ ಕೆಡುತ್ತದೆ. 2024ರ ಜನವರಿಯಲ್ಲಿ ಉದ್ಘಾಟನೆಯಾದ ಕುಡಿಯುವ ನೀರಿನ ಘಟಕ ದಿನಕ್ಕೆ 1.5 ಲಕ್ಷ ಲೀಟರ್ ಕೊಡುವಂಥದ್ದು. ಮೇಲಿನ ಬೆಚ್ಚಗಿನ ಸಮುದ್ರನೀರನ್ನು ಗಾಳಿ ತೆಗೆದ ತೊಟ್ಟಿಗೆ ಬಿಟ್ಟರೆ ಬೆಂಕಿಯಿಲ್ಲದೆ ಆವಿಯಾಗುತ್ತದೆ. ಕಡಲಿನ ಆಳದಿಂದ ಕೊಳವೆಯಲ್ಲಿ ಎತ್ತಿದ ತಣ್ಣೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ. ಯಂತ್ರ ಬಂದರೂ ಬಕೆಟ್ಟಿನ ಸ್ನಾನ ಬಿಡುವ ಹಾಗಿಲ್ಲ. ಅರ್ಧ ಗಂಟೆ ಶವರ್ ಕೆಳಗೆ ನಿಂತು ಟೆನ್ಷನ್ ಕಳೆದುಕೊಳ್ಳುವವರಿಗೆ ಇದು ಊರಲ್ಲ.

ಟೆನ್ಷನ್ ಕಳೆಯುವ ಉಪಕರಣ ಬೇರೆ ಇದೆ: ಸ್ನಾರ್ಕೆಲ್. ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಒಂದಡಿಗಿಂತ ಚೂರು ಉದ್ದದ ಕೊಳವೆ. ನೀರಿನ ಮೇಲೆ ಬೋರಲು ತೇಲುತ್ತ ಕೆಳಗಿನ ಹವಳ, ಮೀನು ನೋಡುವುದು. ಅವಸರದವರನ್ನು ಇದು ಒಂದೇ ನಿಮಿಷದಲ್ಲಿ ಪತ್ತೆ ಮಾಡುತ್ತದೆ. ಬಿಟ್ಟ ಉಸಿರಿನ ಒಂದು ಪಾಲು ಕೊಳವೆಯಲ್ಲೇ ಉಳಿದಿರುತ್ತದೆ, ಮುಂದಿನ ಸಲ ಒಳಗೆ ಬರುವುದು ಮೊದಲು ಅದೇ. ಗಾಬರಿಯಿಂದ ಚಿಕ್ಕಚಿಕ್ಕದಾಗಿ ಉಸಿರಾಡಿದರೆ ಹಳೇ ಗಾಳಿಯೇ ತಿರುತಿರುಗಿ ಬಂದು ಏದುಸಿರು ಹೆಚ್ಚುತ್ತದೆ, ಏದುಸಿರಿಗೆ ಗಾಬರಿ ಹೆಚ್ಚುತ್ತದೆ. ನಿಧಾನವಾಗಿ ಉದ್ದಕ್ಕೆ ಬಿಟ್ಟು, ಉದ್ದಕ್ಕೆ ಎಳೆದುಕೊಂಡರೆ ಮಾತ್ರ ಹೊಸ ಗಾಳಿ. ಯೋಗ ಶಿಬಿರಕ್ಕೆ ಫೀಸು ಕಟ್ಟಿಯೂ ಬಗ್ಗದ ಉಸಿರು ಇಲ್ಲಿ ಬೇರೆ ದಾರಿ ಕಾಣದೆ ಬಗ್ಗುತ್ತದೆ.

ಮಾಸ್ಕಿಗೆ ಪಟ್ಟಿ ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪು ತಿಳುವಳಿಕೆ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದಾಗ ತಾನಾಗಿ ಅಂಟಿ ನಿಂತರೆ ಅಳತೆ ಸರಿ. ನೀರು ನುಗ್ಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ಅಂಚಿನಡಿ ಸಿಕ್ಕ ಕೂದಲು, ಮತ್ತು ಮೀಸೆ. ಮೀಸೆಯ ಮೇಲಂಚಿಗೆ ತುಸು ವ್ಯಾಸಲೀನ್ ಸವರಿದರೆ ಸೋರಿಕೆ ತಗ್ಗುತ್ತದೆ. ಕೆಲವರು ಬೋಳಿಸಿಯೇ ಬರುತ್ತಾರೆ, ಅದು ಅವರ ಮನೆಯ ವಿಚಾರ. ಗಾಜು ಮಂಜಾಗದಿರಲು ಒಳಗೆ ಉಗುಳಿ ಬೆರಳಲ್ಲಿ ಸವರಿ ಒಮ್ಮೆ ಜಾಲಾಡಿಸಬೇಕು. ಅಸಹ್ಯಪಟ್ಟುಕೊಂಡವರು ಹತ್ತು ನಿಮಿಷದಲ್ಲಿ ಕುರುಡರಾಗಿ ವಾಪಸಾಗುತ್ತಾರೆ. ಬೆನ್ನು, ಕತ್ತು, ಮೊಣಕಾಲಿನ ಹಿಂಬದಿ ನೀರಿನಲ್ಲಿ ತಣ್ಣಗಿದ್ದು ಬಿಸಿಲಿಗೆ ಸುಡುವುದೇ ಗೊತ್ತಾಗುವುದಿಲ್ಲ. ಕ್ರೀಮಿಗಿಂತ ಹಳೆಯ ತುಂಬುತೋಳಿನ ಬನಿಯನ್ನು ಮೇಲು.

ಇಳಿಯುವ ಹೊತ್ತನ್ನು ಉಬ್ಬರ ಹೇಳಬೇಕು. ನೀರು ಏರುವಾಗ ಹೊರಗಡಲಿನ ತಿಳಿನೀರು ಒಳಬರುತ್ತದೆ, ಸೆಳೆತವೂ ದಡದ ಕಡೆಗೆ. ಇಳಿತದಲ್ಲಿ ಹೋದರೆ ಸೆಳೆತ ದಿಬ್ಬದ ಸಂದಿನತ್ತ ಎಳೆಯುತ್ತದೆ, ಆಳ ಕಡಿಮೆಯಾಗಿ ಮೊಣಕಾಲು ಹವಳಕ್ಕೆ ಉಜ್ಜುತ್ತದೆ. ಹವಳದ ಗೀರು ಬೇಗ ಮಾಯುವುದಿಲ್ಲ. ಸಿಹಿನೀರು, ಸೋಪು ಹಾಕಿ ಆಗಲೇ ತೊಳೆಯಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುವುದರಿಂದ ನಿನ್ನೆಯ ಟೈಮ್‌ಟೇಬಲ್ ಇವತ್ತಿಗೆ ನಡೆಯುವುದಿಲ್ಲ. ಟೈಮ್‌ಟೇಬಲ್ ಪ್ರಿಯರಿಗೆ ಮೂರನೇ ದಿನಕ್ಕೆ ಸಾಕಾಗುತ್ತದೆ.

ಊಟ ಅಕ್ಕಿ, ತೆಂಗು, ಸೂರೆ (ಟ್ಯೂನಾ) ಮೀನು. ತರಕಾರಿ ಹೊರಗಿನಿಂದ ಬರಬೇಕಾದ್ದರಿಂದ ಸಸ್ಯಾಹಾರಿಗಳ ಮೆನು ಸರಕು ಹಡಗಿನ ಕೈಯಲ್ಲಿದೆ. ಕಡಮತ್‌ನಲ್ಲಿ ಮದ್ಯ ನಿಷಿದ್ಧ.

ಎರಡನೇ ದಿನದ ಮಧ್ಯಾಹ್ನ ಎಲ್ಲರಿಗೂ ಕಷ್ಟ. ನೋಡುವುದೆಲ್ಲ ಮುಗಿದಂತೆ ಅನಿಸಿ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಮೊದಲಾದರೆ ಉಪಗ್ರಹದ ಕುಂಟು ನೆಟ್‌ವರ್ಕ್ ಕಾಪಾಡುತ್ತಿತ್ತು. 2024ರಲ್ಲಿ ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ಬಂದ ಮೇಲೆ ‘ಸಿಗ್ನಲ್ ಇರಲಿಲ್ಲ ಸಾರ್’ ಎಂಬ ಅಮೂಲ್ಯವಾದ ಸುಳ್ಳೂ ಹೋಯಿತು. ಈಗ ಫೋನನ್ನು ನಾವೇ ಆಫ್ ಮಾಡಬೇಕು. ದ್ವೀಪ ಆ ಕೆಲಸದಿಂದ ಕೈ ತೊಳೆದುಕೊಂಡಿದೆ. ಆ ಮಧ್ಯಾಹ್ನಕ್ಕೆ ಇರುವ ಮದ್ದು ತೆಂಗಿನ ತೋಟದ ನೆರಳಿನ ನಿದ್ದೆ, ಅದೂ ಕಾಯಿ ಜೋತಿರುವ ಮರದಡಿ ಬಿಟ್ಟು. ಇಲಿ ಕೊರೆದ ಕಾಯಿ ಹೇಳಿಕೇಳಿ ಬೀಳುವುದಿಲ್ಲ.

ಹೊರಡುವಾಗ ಚೀಲದಲ್ಲಿ ತೆಂಗಿನ ಬೆಲ್ಲದ ಹಲ್ವ ಇರಲಿ, ಹವಳದ ತುಂಡು ಬೇಡ. ದಡದಲ್ಲಿ ಸತ್ತು ಬಿದ್ದದ್ದಾದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅದು ಹವಳವೇ. ವಾಪಸು ರೈಲನ್ನು ಹಡಗು ತಲುಪುವ ದಿನದಿಂದ ಎರಡು ದಿನ ಬಿಟ್ಟು ಬುಕ್ ಮಾಡಬೇಕು. ಗಾಳಿ ಎದ್ದರೆ ಹಡಗು ತಡವಾಗುತ್ತದೆ, ಕೆಲವೊಮ್ಮೆ ಬೇರೆ ದ್ವೀಪ ಸುತ್ತಿ ಬರುತ್ತದೆ. ಅದೇ ಸಂಜೆಯ ರೈಲಿಗೆ ಟಿಕೆಟ್ ಮಾಡಿಸಿಕೊಂಡವರನ್ನು ಜೆಟ್ಟಿಯಲ್ಲಿ ಸುಲಭವಾಗಿ ಗುರುತಿಸಬಹುದು: ನಾಲ್ಕು ದಿನ ಕಷ್ಟಪಟ್ಟು ಕಲಿತ ಉಸಿರಾಟ ಬಿಟ್ಟು, ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ, ‘ಹಡಗು ಯಾವಾಗ?’ ಎಂದು ಎಲ್ಲರನ್ನೂ ಕೇಳುತ್ತಿರುತ್ತಾರೆ. ಬಂದಾಗ ಬರುತ್ತದೆ ಎಂದು ಊರಿನವರು ಚಹಾ ಕುಡಿಯುತ್ತಿರುತ್ತಾರೆ.